ಹಳೆಯ ಡಿಸ್ಕಿಗೊಂದು ವೇಗಮಿತಿ

ಯಶವಂತಪುರದಿಂದ ಯಲಹಂಕಕ್ಕೆ ಹೋಗುವ ರೈಲುದಾರಿಯಲ್ಲಿ ನಮ್ಮ ಕೊಡಿಗೇಹಳ್ಳಿಯದೊಂದು ಚಿಕ್ಕ ನಿಲ್ದಾಣ. ಹಳಿಯ ದುರಸ್ತಿ ನಡೆಯುವಲ್ಲಿ ರೈಲ್ವೆಯವರು ಚಾಲಕನಿಗೆ ‘ಕಾಷನ್ ಆರ್ಡರ್’ ಎಂಬ ಚೀಟಿ ಕೊಟ್ಟು, ಇಂತಿಷ್ಟು ವೇಗವನ್ನು ಮೀರಕೂಡದೆಂದು ಕಟ್ಟುಮಾಡುವುದುಂಟು. ಎಂಜಿನ್ನಿಗೆ ಶಕ್ತಿಯಿಲ್ಲವೆಂದಲ್ಲ, ಹಳಿ ತಾಳದೆಂದು. ಗಣಕಯಂತ್ರಕ್ಕೂ ಇಂಥ ಚೀಟಿ ಬರೆಯಬೇಕಾಗುವುದೆಂದು ನನಗೆ ತಿಳಿದದ್ದು ನೆರೆಮನೆಯ ಮೇಷ್ಟರ ದೆಸೆಯಿಂದ.

ಮೇಷ್ಟರು ನಿವೃತ್ತರು. ತಮ್ಮ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನೆಲ್ಲ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ, 2006ರಲ್ಲಿ ಕೊಂಡ 80 ಜಿ.ಬಿ.ಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರು. ಬೇರೆ ಪ್ರತಿಯಿಲ್ಲ, ತಾಯಿಯೂ ಈಗಿಲ್ಲ. ಅವರ ಯಂತ್ರ ಕೆಟ್ಟಿತೆಂದು ಡಿಸ್ಕನ್ನು ಕಳಚಿ ನನ್ನದಕ್ಕೆ ಜೋಡಿಸಿದೆ. ನಾಲ್ಕು ಕಡತ ಬರುವುದು, ನಿಲ್ಲುವುದು. ಪರದೆಯ ತುಂಬ ತಪ್ಪುಗಳ ಸಾಲು. “ಹೋಯಿತೇನಪ್ಪಾ?” ಎಂದರು. “ಇರಿ ಮೇಷ್ಟ್ರೇ, ನೋಡೋಣ” ಎಂದೆನೇ ಹೊರತು ನನಗೂ ಧೈರ್ಯವಿರಲಿಲ್ಲ.

ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಇರುವುದು ‘ಸಾಟಾ’ ಎಂಬ ಸಪೂರವಾದ ಕೇಬಲ್ಲು. ಇದರ ಮೊದಲ ತಲೆಮಾರಿನ ವೇಗ ಸೆಕೆಂಡಿಗೆ 1.5 ಗಿಗಾಬಿಟ್, ಮುಂದಿನವು 3 ಮತ್ತು 6. ಜೋಡಿಸಿದೊಡನೆ ಎರಡು ತುದಿಗಳೂ ಮಾತಾಡಿಕೊಂಡು, ಇಬ್ಬರಿಗೂ ಸಾಧ್ಯವಾದ ಅತಿ ಹೆಚ್ಚಿನ ವೇಗವನ್ನು ಒಪ್ಪಿಕೊಳ್ಳುತ್ತವೆ. ತೊಡಕಿರುವುದು ಇಲ್ಲಿಯೇ. 1.5ರಲ್ಲಿ ಒಂದೊಂದು ಬಿಟ್ಟಿಗೆ ದೊರೆಯುವ ಕಾಲದಲ್ಲಿ ಬೆಳಕು ಕೂಡ ಸುಮಾರು 20 ಸೆಂಟಿಮೀಟರು, ಅಂದರೆ ಒಂದು ಗೇಣಿಗೂ ಕಡಿಮೆ, ಸಾಗೀತು. 3ರಲ್ಲಿ ಅದು 10 ಸೆಂಟಿಮೀಟರಿಗೆ ಇಳಿಯುತ್ತದೆ. ಕಾಲ ಕಿರಿದಾದಷ್ಟೂ ಸವೆದ ಹಲ್ಲು, ಸಡಿಲ ಕೊಂಡಿ, ಮಡಿಸಿದ ಕೇಬಲ್ಲು ಮಾಡುವ ಕಿತಾಪತಿ ಹೆಚ್ಚು.

ಕಿರಾಣಿ ಚೀಟಿಯ ಕೊನೆಗೆ ಮೊತ್ತ ಬರೆದಂತೆ, ಮಾಹಿತಿಯ ಪ್ರತಿ ಕಂತಿನೊಡನೆ ‘ಸಿಆರ್‌ಸಿ’ ಎಂಬ ತಾಳೆಯ ಸಂಖ್ಯೆ ಬರುತ್ತದೆ. ತಾಳೆ ಬೀಳದಿದ್ದರೆ ಆ ಕಂತನ್ನು ಮತ್ತೆ ತರಿಸಬೇಕು. ಪದೇ ಪದೇ ತಪ್ಪಿದರೆ ಸಂಪರ್ಕವನ್ನೇ ಕಡಿದು ಹೊಸದಾಗಿ ಹೂಡಬೇಕು. ನಾಲ್ಕು ಕಡತಕ್ಕೊಮ್ಮೆ ನಿಲ್ಲುತ್ತಿದ್ದುದು ಇದರಿಂದಲೇ.

ಹಾಗಾದರೆ ವೇಗ ಇಳಿಸಿದರೆ ನಷ್ಟವಿಲ್ಲವೆ? ಲೆಕ್ಕ ಹಾಕಿ ನೋಡಬಹುದು. ಸಾಟಾದಲ್ಲಿ 8 ಬಿಟ್ಟುಗಳನ್ನು 10 ಆಗಿ ಮಾರ್ಪಡಿಸಿ ಕಳಿಸುತ್ತಾರೆ. ಆದುದರಿಂದ 1.5 ಗಿಗಾಬಿಟ್ ಎಂದರೆ ಸೆಕೆಂಡಿಗೆ 150 ಮೆಗಾಬೈಟ್. ಮೇಷ್ಟರ ಡಿಸ್ಕಿನಂಥವು ತಿರುಗುವ ತಟ್ಟೆಯಿಂದ ಓದಿ ಕೊಡಬಲ್ಲುದು ಸುಮಾರು ಐವತ್ತು ಅರುವತ್ತು. ಬಾವಿಯಲ್ಲಿ ಒಂದು ಕೊಡ ನೀರಿರುವಾಗ ಮೂರು ಕೊಡದ ಕೊಳವೆ ಸಾಲದೆ? ಆರು ಕೊಡದ್ದು ಬರಿಯ ಠೀವಿ.

ಮೊದಲು ಎಸ್.ಪಿ. ರಸ್ತೆಯಿಂದ ಹೊಸ ಕೇಬಲ್ಲು ತಂದು ಹಾಕಿದೆ. ತಪ್ಪು ಕಡಿಮೆಯಾಯಿತು, ನಿಲ್ಲಲಿಲ್ಲ. ದೋಷ ಡಿಸ್ಕಿನ ಕೊಂಡಿಯಲ್ಲೇ ಇದ್ದಿರಬೇಕು. ಕೆಲವು ಡಿಸ್ಕುಗಳ ಬೆನ್ನಿನಲ್ಲಿ 1.5ಕ್ಕೆ ಕಟ್ಟಿಹಾಕುವ ಜಂಪರ್ ಎಂಬ ಪುಟ್ಟ ತುಣುಕಿಗೆ ಸ್ಥಳವಿರುತ್ತದೆ, ಇದರಲ್ಲಿ ಇರಲಿಲ್ಲ. ಲಿನಕ್ಸ್ ಆರಂಭವಾಗುವ ಆಜ್ಞೆಯ ಸಾಲಿಗೆ ‘ಲಿಬ್‌ಎಟಿಎ ಫೋರ್ಸ್’ ಎಂಬ ನಿಬಂಧನೆ ಸೇರಿಸಿ 1.5 ಎಂದು ಗೊತ್ತುಮಾಡಿದೆ. ತಟ್ಟೆಯೇ ಗೀರುಬಿದ್ದು ಟಿಕ್ ಟಿಕ್ ಎನ್ನುವ ಡಿಸ್ಕಿಗೆ ಈ ಮದ್ದು ನಾಟುವುದಿಲ್ಲ. ಮೇಷ್ಟರ ಪುಣ್ಯ, ಅದು ಸದ್ದಿಲ್ಲದೆ ತಿರುಗುತ್ತಿತ್ತು.

ಅರ್ಧ ಗಂಟೆಯೊಳಗೆ ಎಲ್ಲವೂ ಬಂದವು. ಮೇಷ್ಟರು ಒಂದು ಕಡತ ತೆರೆಸಿ, ಕನ್ನಡಕ ಏರಿಸಿ, ಎರಡು ಪದಗಳನ್ನು ಪೂರ್ತಿ ಓದಿದರು. ಆಮೇಲೆ ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿಟ್ಟೆವು. ಆ ಡಿಸ್ಕನ್ನು ಮಾತ್ರ ಮತ್ತೆ ಕೆಲಸಕ್ಕೆ ಹಚ್ಚಲಿಲ್ಲ.