ಟೈರಿನ ಹಿಡಿತ, ಬ್ರೇಕಿನ ಹದ

ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿದವನು ಮೋಟಾರು ಸೈಕಲ್ಲಿನ ಟೈರನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ವಿಚಿತ್ರವೆನಿಸಬಹುದು. ಈ ವಿಷಯಕ್ಕೆ ನನ್ನನ್ನು ಎಳೆತಂದದ್ದು ಒಂದು ತಪ್ಪು. ತಪ್ಪು ನನ್ನದು, ಅದರ ಫಲವನ್ನುಂಡವನು ನನ್ನ ತಮ್ಮ.

ನಾನೀಗ ಮಗನ ಮನೆಯಲ್ಲಿ, ಆದಿತ್ಯನಗರದಲ್ಲಿ ಇದ್ದೇನೆ. ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಸಮೀಪದ ಸಿಮೆಂಟ್ ಕಾರ್ಖಾನೆಯ ವಸಾಹತು ಇದು. ರಾಷ್ಟ್ರಕೂಟರ ಮಾನ್ಯಖೇಟವೇ ಇಂದಿನ ಮಳಖೇಡ. ಕನ್ನಡ ಕಾವ್ಯಕ್ಕೆ ‘ಮಾರ್ಗ’ ತೋರಿದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಇಲ್ಲಿಯ ನೃಪತುಂಗನ ಆಸ್ಥಾನದಲ್ಲಿ. ಇಂದು ಇದೇ ಸೀಮೆಯ ಮಾರ್ಗಗಳ ಮೇಲೆ ಸುಣ್ಣಕಲ್ಲಿನ ಲಾರಿಗಳು, ತೊಗರಿಯ ಮೂಟೆ ಹೊತ್ತ ಟ್ರ್ಯಾಕ್ಟರುಗಳು, ಅವುಗಳ ನಡುವೆ ಸಂದು ಹುಡುಕುತ್ತ ಸಾಗುವ ನೂರಾರು ಮೋಟಾರು ಸೈಕಲ್ಲುಗಳು.

1994ರ ಮಳೆಗಾಲ. ತಮ್ಮನಿಗೆ ಆಗಷ್ಟೇ ನೌಕರಿ ಸಿಕ್ಕಿತ್ತು. ಹಳೆಯದೊಂದು ಮೋಟಾರು ಸೈಕಲ್ಲು ಕೊಂಡಿದ್ದ. ಹಿರಿಯನೆಂಬ ಅಧಿಕಾರದಿಂದ ನಾನು ಅವನಿಗೆ ಒಂದು ಉಪದೇಶ ಮಾಡಿದ್ದೆ: “ಮುಂದಿನ ಬ್ರೇಕ್ ಮಾತ್ರ ಎಂದೂ ಮುಟ್ಟಬ್ಯಾಡ ತಮ್ಮಾ, ಮಗುಚಿ ಬೀಳ್ತಿ.” ನನಗೆ ಇದನ್ನು ಹೇಳಿದವರು ನನಗಿಂತ ಹಿರಿಯರು, ಅವರಿಗೆ ಇನ್ನಾರೋ ಹೇಳಿದ್ದರು. ಪಾಠಾಂತರಗಳನ್ನು ಪರಿಶೀಲಿಸದೆ ಒಂದು ಪದವನ್ನೂ ಒಪ್ಪದ ನಾನು, ಈ ಮಾತನ್ನು ಮಾತ್ರ ಪರೀಕ್ಷೆಯಿಲ್ಲದೆ ಒಪ್ಪಿ ದಾಟಿಸಿದ್ದೆ.

ಆ ಸಂಜೆ ಹೊಲದಿಂದ ಬಂದ ಟ್ರ್ಯಾಕ್ಟರೊಂದು ಡಾಂಬರಿನ ಮೇಲೆ ಎರೆಮಣ್ಣಿನ ಹೆಂಟೆಗಳನ್ನು ಉದುರಿಸಿ ಹೋಗಿತ್ತು. ಮೇಲೆ ತುಂತುರು ಮಳೆ. ಎದುರಿಗೆ ಎಮ್ಮೆಯೊಂದು ಅಡ್ಡ ಬಂತು. ತಮ್ಮ ನನ್ನ ಮಾತಿನಂತೆಯೇ ಮುಂದಿನ ಬ್ರೇಕನ್ನು ಮುಟ್ಟದೆ, ಹಿಂದಿನದನ್ನು ಬಲವಾಗಿ ತುಳಿದ. ಹಿಂಗಾಲಿ ಬಿಗಿಯಿತು, ಬಂಡಿ ಅಡ್ಡ ತಿರುಗಿತು, ಅವನ ಬಲಗಾಲು ಬಂಡಿಯ ಅಡಿಗೆ ಸಿಕ್ಕಿತು. ಎಮ್ಮೆಗೆ ಏನೂ ಆಗಲಿಲ್ಲ. ತಮ್ಮ ಇಂದಿಗೂ ಕುಂಟುತ್ತಾನೆ.

ಬಂಡಿಯನ್ನು ದುರಸ್ತಿಗೆ ಒಯ್ದಾಗ ಸೇಡಂನ ಮಿಸ್ತ್ರಿಯೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ: “ಮಾಸ್ತರ, ಈ ಮುಂದಿನ ಬ್ರೇಕ್ ಯಾರೂ ಹಿಡದೇ ಇಲ್ಲ ನೋಡ್ರಿ, ಕೇಬಲ್ ಜಂಗ್ ತಿಂದು ಕುಂತದ. ಹಿಂದಿನ ಟೈರ್ ಪೂರಾ ಬೋಳಾಗ್ಯದ. ಗಾಡಿ ನಿಲ್ಲೋದು ಮುಂದಿನ ಬ್ರೇಕಿನ ಮ್ಯಾಲ ರೀ. ಹಿಂದಿಂದು ಬರೇ ಅದಕ್ಕ ಆಸರ.” ನಾನು ಉತ್ತರ ಹೇಳಲಿಲ್ಲ. ಅಂದಿನಿಂದ ಈ ಶಾಸ್ತ್ರವನ್ನು ತಿಳಿಯಲು ತೊಡಗಿದೆ. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಶಹಾಬಾದಿನ ಫರಸಿಯ ನೆಲ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿದೆ. ಒಣಗಿದ್ದಾಗ ಅದರ ಮೇಲೆ ಮಕ್ಕಳು ಓಡಾಡುತ್ತವೆ. ಸಾಬೂನಿನ ನೀರು ಬಿದ್ದರೆ ದೊಡ್ಡವರೂ ಜಾರುತ್ತಾರೆ. ಕಲ್ಲು ಅದೇ, ಕಾಲೂ ಅದೇ. ಎರಡರ ನಡುವೆ ಸೇರಿದ ತೆಳುವಾದ ಪೊರೆ ಮಾತ್ರ ಹೊಸದು. ಟೈರು ಮತ್ತು ರಸ್ತೆಯ ಸಂಬಂಧವೂ ಹೀಗೆಯೇ. ಒಂದು ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಗಂಡ, ಹೆಂಡತಿ, ನಡುವೆ ಕುಳಿತ ಮಗು, ಹ್ಯಾಂಡಲಿಗೆ ತೂಗಿದ ಸಂತೆಯ ಚೀಲ, ಇಷ್ಟೂ ಭಾರ ನಿಂತಿರುವುದು ಎರಡು ಅಂಗೈಗಳ ಮೇಲೆ. ಅಲ್ಲಿ ರಬ್ಬರು ರಸ್ತೆಯ ಸಣ್ಣ ತರಿಗಳನ್ನು ಅಪ್ಪಿ ಹಿಡಿಯುತ್ತದೆ. ಆ ಹಿಡಿತಕ್ಕೆ ವಿಜ್ಞಾನಿಗಳು ಘರ್ಷಣೆ ಎನ್ನುತ್ತಾರೆ.

ಈ ಹಿಡಿತದ ಒಂದು ಗುಣವನ್ನು ನಾವು ಮರೆಯಬಾರದು. ಉರುಳುತ್ತಿರುವ ಗಾಲಿ ರಸ್ತೆಯನ್ನು ಹಿಡಿದಷ್ಟು ಬಲವಾಗಿ, ಬಿಗಿದು ಉಜ್ಜುತ್ತಿರುವ ಗಾಲಿ ಹಿಡಿಯಲಾರದು. ಗಾಲಿ ತಿರುಗುವವರೆಗೆ ನೆಲ ನಮ್ಮ ಮಾತು ಕೇಳುತ್ತದೆ. ಗಾಲಿ ಬಿಗಿದೊಡನೆ ಬಂಡಿ ತನಗೆ ತೋಚಿದ ಕಡೆಗೆ ಹೋಗುತ್ತದೆ. ಆದ್ದರಿಂದ ಬ್ರೇಕನ್ನು ಒತ್ತುವ ಕಲೆಯೆಂದರೆ, ಗಾಲಿ ಬಿಗಿಯುವ ಅಂಚಿನವರೆಗೆ ಹೋಗಿ, ಅದನ್ನು ದಾಟದೆ ನಿಲ್ಲುವುದು.

ಈಗ ಮಿಸ್ತ್ರಿಯ ಮಾತಿಗೆ ಬರೋಣ. ಓಡುವ ಬಸ್ಸಿಗೆ ಡ್ರೈವರ್ ಬ್ರೇಕು ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲವೆ? ಮೋಟಾರು ಸೈಕಲ್ಲಿನಲ್ಲಿಯೂ ಭಾರವೆಲ್ಲ ಹಾಗೆಯೇ ಮುಂಗಾಲಿಯ ಮೇಲೆ ಹೋಗುತ್ತದೆ. ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಮುಂದಿನ ಟೈರು ನೆಲಕ್ಕೆ ಅದುಮುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಗಾಲಿಯನ್ನು ಬಿಗಿಸಲು ತುಸು ಒತ್ತಡವೇ ಸಾಕು. ಹಿಂದಿನ ಬ್ರೇಕೊಂದನ್ನೇ ನಂಬಿದವನ ಬಂಡಿ ನಿಲ್ಲಲು ಹೆಚ್ಚು ದೂರ ಬೇಕು; ಅದು ಅಡ್ಡ ಜಾರುವ ಸಂಭವವೂ ಹೆಚ್ಚು. ಒಣ ರಸ್ತೆಯಲ್ಲಿ ಬಂಡಿಯನ್ನು ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದು.

ಹಾಗಾದರೆ ಹಿರಿಯರ ಭಯ ಸುಳ್ಳೆ? ಪೂರ್ತಿ ಸುಳ್ಳಲ್ಲ. ಮುಂದಿನ ಬ್ರೇಕನ್ನು ಗಾಬರಿಯಿಂದ ಒಮ್ಮೆಲೆ ಹಿಚುಕಿದರೆ, ಭಾರ ಮುಂದಕ್ಕೆ ಬಂದು ಸೇರುವ ಮೊದಲೇ ಗಾಲಿ ಬಿಗಿದು ಹೋಗುತ್ತದೆ. ಮುಂಗಾಲಿ ಜಾರಿದರೆ ಸಾವರಿಸಿಕೊಳ್ಳಲು ಸಮಯವಿರುವುದಿಲ್ಲ. ದೋಷ ಹಿಡಿದ ರೀತಿಯಲ್ಲಿದೆ. ಮೊದಲು ಮೆಲ್ಲಗೆ ಹಿಡಿಯಬೇಕು. ಮುಂಭಾಗ ತಗ್ಗಿ ಭಾರ ಬಂದದ್ದು ಕೈಗೆ ತಿಳಿದ ಮೇಲೆ ಬಲವನ್ನು ಏರಿಸುತ್ತ ಹೋಗಬೇಕು. ನಿಂಬೆಹಣ್ಣನ್ನು ಹಿಂಡುವಂತೆ, ಸೊಳ್ಳೆಯನ್ನು ಹೊಡೆಯುವಂತಲ್ಲ. ಜೊತೆಗೆ ಹಿಂದಿನ ಬ್ರೇಕನ್ನು ಹದವಾಗಿ ಒತ್ತಿರಬೇಕು. ಹ್ಯಾಂಡಲು ನೇರವಾಗಿರಬೇಕು. ಕ್ಲಚ್ಚನ್ನು ಮೊದಲೇ ಹಿಡಿದುಬಿಡದೆ, ಎಂಜಿನ್ನಿನ ತಡೆಯನ್ನೂ ಬಳಸಿಕೊಂಡು, ಬಂಡಿ ನಿಲ್ಲುವ ಹೊತ್ತಿಗೆ ಹಿಡಿಯಬೇಕು. ಹೀಗಿದ್ದೂ ಮುಂಗಾಲಿ ಬಿಗಿದರೆ ಬೆರಳುಗಳನ್ನು ತಟ್ಟನೆ ಸಡಿಲಿಸಿ ಮತ್ತೆ ಮೆಲ್ಲಗೆ ಹಿಡಿಯಬೇಕು. ಬಂಡಿ ನೇರವಾಗಿರುವಾಗಲೇ ಹಿಂಗಾಲಿ ಬಿಗಿದರೆ ಪಾದವನ್ನು ಸಡಿಲಿಸಬೇಕು.

ತಿರುವಿನಲ್ಲಿ ಇನ್ನೊಂದು ಲೆಕ್ಕವಿದೆ. ಟೈರಿನ ಹಿಡಿತವನ್ನು ನಮ್ಮ ತಿಂಗಳ ಸಂಬಳಕ್ಕೆ ಹೋಲಿಸಬಹುದು. ಮನೆಬಾಡಿಗೆಗೆ ಹೆಚ್ಚು ಹೋದರೆ ದಿನಸಿಗೆ ಕಡಿಮೆ ಉಳಿಯುತ್ತದೆ. ಹಾಗೆಯೇ ಬಂಡಿ ವಾಲಿ ತಿರುಗುವಾಗ ಹಿಡಿತದ ಬಹುಭಾಗ ತಿರುಗುವುದಕ್ಕೇ ವೆಚ್ಚವಾಗುತ್ತದೆ. ಬ್ರೇಕಿಗೆ ಉಳಿಯುವುದು ಅಲ್ಪ. ಇಲ್ಲದ ಹಣವನ್ನು ಕೇಳಿದಾಗ ಬಂಡಿ ಜಾರುತ್ತದೆ. ವೇಗವನ್ನು ತಿರುವಿನ ಮೊದಲೇ, ನೇರ ದಾರಿಯಲ್ಲಿಯೇ ಇಳಿಸಿಕೊಳ್ಳಬೇಕು.

ವೇಗದ ಲೆಕ್ಕ ಇನ್ನೂ ಕಠಿಣವಾದದ್ದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವವನು ಅಪಾಯವನ್ನು ಕಂಡು ಕೈಯಾಡಿಸಲು ಒಂದು ಸೆಕೆಂಡು ಬೇಕೆಂದಿಟ್ಟುಕೊಳ್ಳಿ. ಅಷ್ಟರಲ್ಲೇ ಬಂಡಿ 11 ಮೀಟರ್ ಹೋಗಿರುತ್ತದೆ. ಒಳ್ಳೆಯ ಒಣ ರಸ್ತೆಯಲ್ಲಿ ಎರಡೂ ಬ್ರೇಕು ಸರಿಯಾಗಿ ಹಾಕಿದರೆ ನಿಲ್ಲಲು ಮತ್ತೆ ಸುಮಾರು 9 ಮೀಟರ್, ಒಟ್ಟು 20. ವೇಗವನ್ನು 80ಕ್ಕೆ ಏರಿಸಿದರೆ ಬ್ರೇಕಿನ ದೂರ ಎರಡರಷ್ಟಾಗದೆ ನಾಲ್ಕರಷ್ಟು, 36 ಮೀಟರ್ ಆಗುತ್ತದೆ. ಮೊದಲ ಸೆಕೆಂಡಿನ 22 ಮೀಟರ್ ಕೂಡಿ ಒಟ್ಟು 58. ಕೆಸರಿನಿಂದ ಹಿಡಿತ ಅರ್ಧಕ್ಕಿಳಿದರೆ ಬ್ರೇಕಿನ ದೂರ ಮತ್ತೆ ಇಮ್ಮಡಿ.

ನಮ್ಮ ಸೀಮೆಯಲ್ಲಿ ಹಿಡಿತ ಅರ್ಧಕ್ಕಿಳಿಯಲು ಕಾರಣಗಳು ಹಲವು. ಎರೆಮಣ್ಣಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ. ಟೈರಿನ ಗೀರುಗಳನ್ನು ತುಂಬಿ ಅದನ್ನು ಬೋಳು ಮಾಡುತ್ತವೆ. ಸುಣ್ಣಕಲ್ಲಿನ ಹುಡಿ ಒಣಗಿದ್ದಾಗ ಗಾಲಿಯ ಅಡಿಯಲ್ಲಿ ಉರುಳುತ್ತದೆ, ನೆನೆದಾಗ ಲೇಪವಾಗುತ್ತದೆ. ವರ್ಷದ ಮೊದಲ ಮಳೆ ಎಲ್ಲಕ್ಕಿಂತ ಮೋಸದ್ದು: ಬೇಸಿಗೆಯೆಲ್ಲ ರಸ್ತೆಯಲ್ಲಿ ಕೂತ ಎಣ್ಣೆ, ಧೂಳುಗಳನ್ನು ಅದು ಮೇಲೆಬ್ಬಿಸುತ್ತದೆ, ಆದರೆ ತೊಳೆದು ಹಾಕುವಷ್ಟು ಸುರಿಯುವುದಿಲ್ಲ. ಇಂಥಲ್ಲಿ ವೇಗವನ್ನು ಮೊದಲೇ ಇಳಿಸಿ, ಎರಡೂ ಬ್ರೇಕುಗಳನ್ನು ಬಹು ಮೃದುವಾಗಿ ಬಳಸುವುದೊಂದೇ ದಾರಿ.

ಟೈರಿನ ಗೀರುಗಳಿರುವುದು ಅಂದಕ್ಕಲ್ಲ, ಅಡಿಯ ನೀರು ಹರಿದು ಹೋಗಲಿ ಎಂದು. ಆ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಿಸುವ ಕಾಲ ಬಂತೆಂದರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರು ವರ್ಷ ಕಳೆದಂತೆ ಗಡುಸಾಗಿ ಸೀಳು ಬಿಡುತ್ತದೆ. ಗೀರು ಆಳವಾಗಿದ್ದರೂ ಅಂಥ ಟೈರು ಹಿಡಿಯಲಾರದು. ಹವಾ ನೋಡಬೇಕಾದದ್ದು ಬಂಡಿ ಓಡಿಸುವ ಮೊದಲು, ಟೈರು ತಣ್ಣಗಿದ್ದಾಗ. ಹೆಚ್ಚಾದರೆ ನೆಲ ಮುಟ್ಟುವ ಜಾಗ ಕಿರಿದಾಗುತ್ತದೆ; ಕಡಿಮೆಯಾದರೆ ಟೈರು ಹೊಯ್ದಾಡಿ ಬಿಸಿಯಾಗುತ್ತದೆ. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ನೂರು ಕಿಲೋಮೀಟರ್ ನಿಧಾನವೇ ಲೇಸು.

ಕಾಲವೂ ನಮಗೆ ನೆರವಾಗಿದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಬಂಡಿಗಳಲ್ಲಿ, 125 ಸಿಸಿ ಮೀರಿದವುಗಳಿಗೆ ಗಾಲಿ ಬಿಗಿಯದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವುಗಳಿಗೆ, ಎಬಿಎಸ್ ಇಲ್ಲದಿದ್ದರೆ, ಎರಡೂ ಗಾಲಿಗಳಿಗೆ ಕೂಡಿಯೇ ಬ್ರೇಕು ಹಂಚುವ ಏರ್ಪಾಡು ಬಂದಿತು. ಎಬಿಎಸ್ ಗಾಲಿ ಬಿಗಿಯುವುದನ್ನು ಅರಿತು ಕ್ಷಣಕ್ಷಣಕ್ಕೂ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಆಗ ಬ್ರೇಕು ಬೆರಳಿಗೆ ನಡುಗಿದಂತಾಗುತ್ತದೆ, ಹೆದರಿ ಬಿಡಬಾರದು. ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಯಾವ ಯಂತ್ರವೂ ಸೃಷ್ಟಿಸಲಾರದು. ಬೋಳು ಟೈರಿಗೆ, ಹಸಿ ಎರೆಮಣ್ಣಿಗೆ ಅದರಲ್ಲಿ ಮದ್ದಿಲ್ಲ.

ಕಳೆದ ವರ್ಷ ತಮ್ಮನ ಮಗ ಮೋಟಾರು ಸೈಕಲ್ಲು ಕೊಂಡ. ಒಂದು ಭಾನುವಾರ ಬೆಳಿಗ್ಗೆ ಬಯಲಿಗೆ ಅವನನ್ನು ಕರೆದುಕೊಂಡು ಹೋಗಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಅಲ್ಲಿಗೆ ಬಂದಾಗ ಎರಡೂ ಬ್ರೇಕು ಹಿಡಿದು ನಿಲ್ಲಿಸೆಂದೆ. ಮೊದಲು 20ರ ವೇಗದಲ್ಲಿ, ಆಮೇಲೆ 30, ಆಮೇಲೆ 40. ಮೊದಮೊದಲು ಗೆರೆಯಿಂದ ಬಹುದೂರ ಹೋಗಿ ನಿಂತ. ಬರಬರುತ್ತ ಅವನ ಬೆರಳುಗಳಿಗೆ ಹದ ತಿಳಿಯಿತು. ತಮ್ಮ ಬಯಲಿನ ಅಂಚಿನಲ್ಲಿ ಕೋಲೂರಿ ನಿಂತು ನೋಡುತ್ತಿದ್ದ. ನಾನು ಬಳಿಗೆ ಹೋದಾಗ, “ಅಣ್ಣಾ, ಮೊದಲ ಮುಂದಿನ ಬ್ರೇಕಿನ ಕೇಬಲ್ ನೋಡಿದ್ಯೇನು?” ಎಂದು ಕೇಳಿದ. ಈಗಿನ ಬಂಡಿಯಲ್ಲಿ ಕೇಬಲ್ ಇಲ್ಲ, ಎಣ್ಣೆಯ ಕೊಳವೆ ಇದೆ ಎಂದೆ. “ಅದನ್ನೇ ನೋಡಿದ್ಯೇನು?” ಎಂದ. ನೋಡಿದ್ದೆ. ಹೊರಡುವ ಮುನ್ನ ಅವನ ಎದುರಿಗೇ ಇನ್ನೊಮ್ಮೆ ನೋಡಿದೆ.

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)