ಗುಮ್ಮಟದ ಪಿಸುಮಾತು ಗುಟ್ಟಾಗಿ ಉಳಿದೀತೆ?

ಇತಿಹಾಸವನ್ನು ಆಧರಿಸಿದ ಆಟಗಳಲ್ಲಿ ಒಂದು ವಿಚಿತ್ರ ದೇಗುಲವನ್ನು ಕಲ್ಪಿಸುವುದುಂಟು. ಗೂಢಚಾರನು ಅದರ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಆ ಮಾತು ಎದುರುಬದಿಯ ಸಂಗಡಿಗನಿಗಲ್ಲದೆ ಮತ್ತಾರಿಗೂ ಕೇಳಿಸದು. ಇಂಥ ಕಟ್ಟಡವು ಸಾಧ್ಯವೆ? ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಇದನ್ನು ಪರೀಕ್ಷಿಸಿ ಫಲವಿಲ್ಲ. ಅಲ್ಲಿಯ ಕಂಬಗಳು ಶಬ್ದವನ್ನು ಚದರಿಸಿಬಿಡುತ್ತವೆ. ನವಲಗುಂದ, ಕುಂದಗೋಳಗಳ ಶಾಲಾಮಕ್ಕಳು ಪ್ರವಾಸದಲ್ಲಿ ನೋಡಿಬರುವ ವಿಜಯಪುರದ ಗೋಲಗುಮ್ಮಟವೇ ಇದಕ್ಕೆ ತಕ್ಕ ಸ್ಥಳ.

1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಿದು. ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ, ಗುಮ್ಮಟದ ಒಳಸುತ್ತಿಗೆ ಒಂದು ಮೊಗಸಾಲೆಯಿದೆ. ಒಳವ್ಯಾಸವು ಸುಮಾರು 38 ಮೀಟರ್. ಇಷ್ಟು ದೂರವನ್ನು ದಾಟಿ ಪಿಸುಮಾತು ಸ್ಪಷ್ಟವಾಗಿ ಕೇಳಿಸುವುದು ಹೇಗೆ?

ಗುಮ್ಮಟಕ್ಕೆ ತಗುಲಿದ ಶಬ್ದಕಿರಣಗಳೆಲ್ಲ ನೇರ ಎದುರಿನ ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆಂದು ಖಗೋಳಜ್ಞ ಏರಿ ಲಂಡನ್ನಿನ ಸಂತ ಪಾಲರ ಚರ್ಚಿನ ಇಂಥದೇ ಮೊಗಸಾಲೆಯ ಬಗೆಗೆ ವಿವರಿಸಿದ್ದನು. ಲಾರ್ಡ್ ರಾಲೆಗೆ ಇದು ಒಪ್ಪಿಗೆಯಾಗಲಿಲ್ಲ. ಅವನು ಸತುವಿನ ತಗಡೊಂದನ್ನು ಬಾಗಿಸಿ, ಒಂದು ತುದಿಯಲ್ಲಿ ಕೀಚಲು ಸೀಟಿಯನ್ನೂ ಇನ್ನೊಂದು ತುದಿಯಲ್ಲಿ ಶಬ್ದಕ್ಕೆ ಅದುರುವ ದೀಪಜ್ವಾಲೆಯನ್ನೂ ಇರಿಸಿದನು. ಸೀಟಿ ಊದಿದರೆ ಜ್ವಾಲೆ ಅದುರಿತು. ತಗಡಿನ ಒಳಮೈಗೆ ಒಂದು ಕಿರಿದಾದ ಪಟ್ಟಿಯನ್ನು ಅಡ್ಡ ಹಿಡಿದದ್ದೇ ತಡ, ಜ್ವಾಲೆ ಶಾಂತವಾಯಿತು! ನೇರ ದಾರಿ ತೆರೆದೇ ಇತ್ತು. ಎಂದರೆ ಶಬ್ದವು ನಡುವಿನ ಬಯಲನ್ನು ದಾಟುತ್ತಿರಲಿಲ್ಲ. ಗೋಡೆಯನ್ನು ಅಂಟಿಕೊಂಡು ತೆವಳುತ್ತಿತ್ತು.

ಓರೆಯಾಗಿ ಬಡಿದ ತರಂಗವು ಪ್ರತಿಫಲಿಸಿ, ಸ್ವಲ್ಪವೇ ಮುಂದೆ ಮತ್ತೆ ಗೋಡೆಗೆ ಬಡಿಯುತ್ತದೆ. ಹೀಗೆ ಅದು ಗೋಡೆಯ ಪಕ್ಕದ ತೆಳು ಪಟ್ಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಇಲ್ಲಿ ಸುಮಾರಾಗಿ ಅರ್ಧಕ್ಕೆ ಮಾತ್ರ. ತರಂಗವು ಗಿಡ್ಡವಾದಷ್ಟೂ ಅಂಟು ಹೆಚ್ಚು. ಪಿಸುಮಾತಿನ ಸಕಾರ, ಶಕಾರಗಳು ಅಂಥವೇ. ಆದುದರಿಂದ ಇಲ್ಲಿ ಕೂಗಿಗಿಂತ ಪಿಸುಮಾತೇ ಮೇಲು. (ರಜೆಯ ದಿನ ಹೋದವರಿಗೆ ಎರಡೂ ಬೇರ್ಪಡಿಸಿ ಕೇಳಿಸವು.) ನಮ್ಮ ಸಿ. ವಿ. ರಾಮನ್ನರು 1921ರಲ್ಲಿ ಲಂಡನ್ನಿನ ಆ ಚರ್ಚಿನಲ್ಲಿಯೂ, ಬಳಿಕ ಗೋಲಗುಮ್ಮಟವೇ ಮೊದಲಾದ ಭಾರತೀಯ ಕಟ್ಟಡಗಳಲ್ಲಿಯೂ ಈ ವಿದ್ಯಮಾನವನ್ನು ಅಭ್ಯಸಿಸಿದರು.

ಗೂಢಚಾರನ ಗತಿಯೇನು? ಎದುರಿನ ಬಿಂದುವಿಗೆ ವಿಶೇಷ ಮಹತ್ವವಿಲ್ಲವಾದ್ದರಿಂದ, ಮೊಗಸಾಲೆಯ ಯಾವ ಕಡೆಯಲ್ಲಾದರೂ ಗೋಡೆಗೆ ಕಿವಿಯಿಟ್ಟವನು ಅವನ ಸಂದೇಶವನ್ನು ಕೇಳಬಲ್ಲನು. ಗೋಡೆಯಿಂದ ದೂರ ಸರಿದು ನಿಂತವನೇ ಕೇಳಲಾರನು.

ಆಟದ ದೇಗುಲವನ್ನು ದೀರ್ಘವೃತ್ತದ ಆಕಾರದಲ್ಲಿ ಕಟ್ಟಿದ್ದರೆ ಮಾತು ಬೇರೆ. ಅದರ ಒಂದು ನಾಭಿಯಿಂದ ಹೊರಟ ಕಿರಣಗಳು ಗೋಡೆಗೆ ತಗುಲಿ, ಸಮಾನ ದೂರವನ್ನು ಕ್ರಮಿಸಿ, ಇನ್ನೊಂದು ನಾಭಿಯಲ್ಲಿ ಒಟ್ಟಿಗೇ ಸೇರುತ್ತವೆ. ನಡುವೆ ನಿಂತವರಿಗೆ ಹೆಚ್ಚೇನೂ ದಕ್ಕದು. ಆದರೆ ಆ ಎರಡನೆಯ ನಾಭಿಯಲ್ಲಿ ಸಂಗಡಿಗನೇ ನಿಂತಿರಬೇಕು.