ದೇವನಹಳ್ಳಿ ಕೋಟೆ ಮತ್ತು ಉಮಾಮಹೇಶ್ವರನ ವರಹ

ಬೆಂಗಳೂರಿನ ವಿಮಾನ ನಿಲ್ದಾಣ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಬಂದರೆ ಸಿಗುವ ದೇವನಹಳ್ಳಿ ಕೋಟೆಯ ಚರಿತ್ರೆ ನಾಲ್ಕು ಮಾತಿನಲ್ಲಿ ಮುಗಿದುಬಿಡುತ್ತದೆ. 1501ರಲ್ಲಿ ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ ಮಣ್ಣಿನಲ್ಲಿ ಕಟ್ಟಿಸಿದ, ಮುಂದೆ ಹೈದರ್–ಟಿಪ್ಪು ಕಾಲದಲ್ಲಿ ಅದು ಕಲ್ಲಿನ ಕೋಟೆಯಾಯಿತು, 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ ಕೈಸೇರಿತು. ಒಳಗೆ ವೇಣುಗೋಪಾಲಸ್ವಾಮಿ ಗುಡಿ, ಸಮೀಪದಲ್ಲೇ ಟಿಪ್ಪು ಹುಟ್ಟಿದ ಜಾಗದ ಪುಟ್ಟ ಕಲ್ಲುಮಂಟಪ. ಇಲ್ಲಿನ ಕಥೆಯೆಲ್ಲ ಕತ್ತಿಗೂ ತೊಟ್ಟಿಲಿಗೂ ಮೀಸಲಾಗಿರುವುದು ಬೇಸರದ ಸಂಗತಿ. 1749ರ ಮುತ್ತಿಗೆಯಲ್ಲಿ ಇದೇ ಗೋಡೆಗಳ ಮುಂದೆ ಮೊದಲ ಬಾರಿ ಹೆಸರು ಮಾಡಿದ ಹೈದರ್ ರಾಜ್ಯವನ್ನು ಉಳಿಸಿಕೊಂಡದ್ದು ಬರೀ ಕತ್ತಿಯಿಂದಲ್ಲ. ನೆರೆರಾಜ್ಯದ ನಾಣ್ಯವನ್ನು ತನ್ನದಾಗಿಸಿಕೊಂಡ ಜಾಣತನವೂ ಅದರಲ್ಲಿತ್ತು.

1760ರ ಆಗಸ್ಟ್‌ನಲ್ಲಿ ಹೈದರನ ದಿವಾನನಾಗಿದ್ದ ಖಂಡೇರಾಯನೂ ಮೈಸೂರು ಅರಮನೆಯೂ ಒಂದಾಗಿ ತಿರುಗಿಬಿದ್ದಾಗ, ಹೈದರ್ ಶ್ರೀರಂಗಪಟ್ಟಣದಿಂದ ರಾತ್ರೋರಾತ್ರಿ ತಪ್ಪಿಸಿಕೊಂಡು ಬೆಂಗಳೂರು ಸೇರಿದ. ಅರಮನೆಯ ಕಣ್ಣಿಗೆ ಆಗ ಈ ಸೀಮೆ ಬಂಡುಕೋರನ ನೆಲೆ. ಖಜಾನೆ ಹಿಂದೆಯೇ ಉಳಿದಿತ್ತು. ಬೆಂಗಳೂರಿನ ಸಾಹುಕಾರರ ಸಾಲ ಕೈಹಿಡಿಯಿತು. 1761ರಲ್ಲಿ ಆತ ಅಧಿಕಾರವನ್ನು ಮತ್ತೆ ಗೆದ್ದ. ಎರಡು ವರ್ಷದಲ್ಲಿ, 1763ರಲ್ಲಿ, ಇಕ್ಕೇರಿ ನಾಯಕರ ಬಿದನೂರು ವಶವಾಯಿತು. ಶಿವ ಪಾರ್ವತಿಯರು ಕುಳಿತಿರುವ ಅಲ್ಲಿನ ವರಹ, ವಿಜಯನಗರದ ಕಾಲದಿಂದ ಬಂದ ಮಾದರಿ, ಕರಾವಳಿಯಿಂದ ಬಯಲುಸೀಮೆಯವರೆಗೆ ವ್ಯಾಪಾರಿಗಳು ತೂಕ ನೋಡಿ ನಂಬುತ್ತಿದ್ದ ಹಣ. ಹೈದರ್ ಅದನ್ನು ಅಳಿಸಲಿಲ್ಲ. ದೇವರ ಚಿತ್ರವನ್ನು ಹಾಗೆಯೇ ಇಟ್ಟು, ಹಿಂಬದಿಯಲ್ಲಿ ಚುಕ್ಕೆಗಳ ಹಾಸಿನ ಮೇಲೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಮಾತ್ರ ಒತ್ತಿಸಿದ. ಜನ ಅದನ್ನು ಬಹಾದ್ದೂರಿ ವರಹ ಎಂದರು. ಹೊಸ ಒಡೆಯನ ಮೇಲೆ ಪೇಟೆಗೆ ಇನ್ನೂ ಹುಟ್ಟದ ನಂಬಿಕೆ ಹಳೆಯ ನಾಣ್ಯದ ಮೇಲೆ ಇತ್ತು. ಆತ ಸಾಲ ಪಡೆದದ್ದು ಆ ನಂಬಿಕೆಯನ್ನು.

ಗೆದ್ದವನು ಟಂಕಸಾಲೆಯನ್ನೂ ಗೆದ್ದ, ಇದನ್ನು ಪರರ ಹಣಕ್ಕೆ ಶರಣಾಗುವುದಕ್ಕೆ ಹೋಲಿಸುವುದು ಸರಿಯೇ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಪರರ ಹಣಕ್ಕೆ ಶರಣಾದ ನಮ್ಮ ಕಾಲದ ಉದಾಹರಣೆಯೊಂದನ್ನು ಪಕ್ಕದಲ್ಲಿಟ್ಟು ನೋಡೋಣ. ಸಿರಿಯಾದ ವಾಯವ್ಯದಲ್ಲಿ, ಬಂಡುಕೋರರ ಕೈಯಲ್ಲಿದ್ದ ಇದ್ಲಿಬ್ ಪ್ರಾಂತ್ಯ 2020ರ ಜೂನ್‌ನಲ್ಲಿ ನೆರೆಯ ಟರ್ಕಿಯ ಲಿರಾವನ್ನು ಒಪ್ಪಿಕೊಂಡಿತು. ಯುದ್ಧಕ್ಕೆ ಮೊದಲು ಡಾಲರಿಗೆ ಐವತ್ತರ ಆಸುಪಾಸಿನಲ್ಲಿದ್ದ ಸಿರಿಯನ್ ಪೌಂಡ್ ಆ ತಿಂಗಳು ಮೂರು ಸಾವಿರ ದಾಟಿತ್ತು. ಸಂಬಳವೂ ರೊಟ್ಟಿಯ ಬೆಲೆಯೂ ಕರಗುತ್ತಿದ್ದಾಗ ಬೇರೆ ದಾರಿ ಇರಲಿಲ್ಲ. ಆದರೆ ಲಿರಾ ಅಚ್ಚಾಗುವುದು ಟರ್ಕಿಯಲ್ಲಿ, ಅದರ ಏರಿಳಿತವೂ ಅಲ್ಲಿಯದೇ. 2021ರಲ್ಲಿ ಆ ಲಿರಾ ಡಾಲರಿನೆದುರು ಶೇ. 44ರಷ್ಟು ಕುಸಿದಾಗ ಇದ್ಲಿಬಿನ ಕೂಲಿಕಾರರೂ ಪೆಟ್ಟು ತಿಂದರು. ಹೈದರನ ವರಹದಲ್ಲಿ ಚಿನ್ನವಿತ್ತು, ಅದರ ಬೆಲೆ ಅದರೊಳಗೇ ಇತ್ತು; ಆದ್ದರಿಂದ ಆತನಿಗೆ ಇಂಥ ದಂಡ ತಟ್ಟಲಿಲ್ಲ. ಅಪಾಯದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಿದ್ದರೂ ಎರಡು ಕಡೆಯೂ ಹೊಸ ಆಡಳಿತಕ್ಕೆ ಒದಗಿದ ಕಾರಣ ಒಂದೇ: ಸಂತೆಯಲ್ಲಿ ಅಕ್ಕಿ ಅಳೆಯುವವನು ಯಾವ ಹಣಕ್ಕೆ ಕೈಚಾಚುತ್ತಾನೋ ಅದೇ ಓಡುತ್ತದೆ, ಆಜ್ಞೆ ಅದರ ಹಿಂದೆ ಬರುತ್ತದೆ.

ಟಿಪ್ಪು ದೇವರ ಚಿತ್ರ ತೆಗೆದು ಪರ್ಷಿಯನ್ ಬರಹ ಹಾಕಿಸಿದನಲ್ಲ ಎಂಬುದು ಇನ್ನೊಂದು ಮಾತು. ನಿಜ, ಆದರೆ ಅಷ್ಟರಲ್ಲಿ ಅಪ್ಪ ಕಟ್ಟಿದ ರಾಜ್ಯ ಬೇರೂರಿತ್ತು. ತನ್ನದೇ ಗುರುತಿಗೆ ಪೇಟೆಯ ಒಪ್ಪಿಗೆ ಸಿಗುವ ಭರವಸೆ ಮಗನಿಗಿತ್ತು. 1799ರ ನಂತರ ಮೂರನೆಯ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ವರಹ ಹೊರಟಾಗ ಅದರ ಮುಖದ ಮೇಲೆ ಮತ್ತೆ ಶಿವ ಪಾರ್ವತಿಯರೇ ಕುಳಿತರು. ಮರಳಿ ಬಂದ ರಾಜಮನೆತನವೂ, ಅದನ್ನು ಕೆಳಗಿಳಿಸಿದ್ದವನು ಹಿಡಿದ ದಾರಿಯನ್ನೇ ಹಿಡಿಯಿತು. ಈ ಮೂರು ನಾಣ್ಯಗಳ ಚಿತ್ರವನ್ನು ದೊಡ್ಡದಾಗಿ ತೆಗೆಸಿ, ಕನ್ನಡದಲ್ಲಿ ವಿವರಣೆ ಬರೆಸಿ, ಕೋಟೆಯ ಬಾಗಿಲ ಬಳಿ ನಿಲ್ಲಿಸಲು ಪುರಾತತ್ವದವರಿಗೂ ಪುರಸಭೆಗೂ ಭಾರೀ ಖರ್ಚೇನೂ ತಗಲದು. ನಗರದಿಂದ ಬಸ್ಸಿನಲ್ಲಿ ಬರುವ ಶಾಲೆಯ ಮಕ್ಕಳಿಗಾದರೂ ಅದು ಇರಲಿ.